ತುರುಬಿನಲ್ಲಿ ಸಿಕ್ಕ ಸೀತಾಳೆ ದಂಡೆ

ಮಲ್ಕಾಜ್‌ಗಿರಿಯಲ್ಲಿ ನಮ್ಮ ಯಜಮಾನರ ಸಂಬಂಧಿಕರ ಮನೆಯ ತೊಟ್ಟಿಲ ಕಾರ್ಯ. ಹೆಂಗಸರೆಲ್ಲ ಕೂಸಿನ ಕಿವಿಯಲ್ಲಿ ಹೆಸರು ಹೇಳಲು ತೊಟ್ಟಿಲ ಮೇಲೆ ಬಾಗಿದ್ದರು. ನಾನೂ ಬಾಗಿದೆ. ಬಾಗಿದವಳ ಮೂಗಿಗೆ ತಾಗುವಂತೆ ಮುಂದೊಬ್ಬರ ತುರುಬು, ಆ ತುರುಬಿನ ಸುತ್ತ ಒಂದು ಸೀತಾಳೆ ದಂಡೆ.

ಮಲ್ಲಿಗೆಯಲ್ಲ, ಕನಕಾಂಬರವಲ್ಲ, ಬೇಗಂ ಬಜಾರಿನ ಪ್ಲಾಸ್ಟಿಕ್ ಹೂವೂ ಅಲ್ಲ. ಬಿಳಿ ಹೂವಿನ ಮೇಲೆ ನೇರಳೆ ಚುಕ್ಕಿ, ಒಂದೇ ದಂಟಿನ ತುಂಬ ಒತ್ತೊತ್ತಾಗಿ. ಆ ಹೂವನ್ನು ವಾಸನೆಯಿಂದಲೇ ಗುರುತಿಸಬಲ್ಲೆ, ಏಕೆಂದರೆ ನನ್ನ ಹೊಟ್ಟೆಪಾಡೇ ಅದು. ಪಟಾನ್‌ಚೆರು ದಾಟಿದ ಮೇಲೆ ಬರುವ ಒಂದು ಸಸ್ಯೋದ್ಯಾನದ ಆರ್ಕಿಡ್ ಮನೆ ನನ್ನ ಸುಪರ್ದಿನಲ್ಲಿದೆ. ಈ ಊರಿನಲ್ಲಿ ಆ ಜೂನ್ ಹೊತ್ತಿಗೆ ಸೀತಾಳೆ ಹೂ ಬಿಟ್ಟಿರುವುದು ಒಂದೇ ಕಡೆ, ಅದೂ ನನ್ನ ಬೀಗದ ಒಳಗೆ ಎಂದು ನಾನು ನಂಬಿಕೊಂಡಿದ್ದೆ.

ಕದ್ದಿದ್ದಾರೆ! ಬೇರೆ ಯೋಚನೆಯೇ ಬರಲಿಲ್ಲ. ಕೂಸಿನ ಹೆಸರು ಅರ್ಧಕ್ಕೇ ಬಿಟ್ಟು ಮೆಟ್ಟಿಲ ಮೇಲೆ ಬಂದು, ನಮ್ಮಲ್ಲಿ ಗಿಡಗಳಿಗೆ ನೀರು ಹಾಕುವ ಮಾಲಿ ಅಮ್ಮನಿಗೆ ಫೋನು ಮಾಡಿದೆ. ಅವಳು ಹೋಗಿ ನೋಡಿ ಬಂದು ತೆಲುಗಿನಲ್ಲಿ ಹೇಳಿದಳು: "ಉಂದಮ್ಮಾ, ಪುವ್ವು ಉಂದಿ. ತಾಳಂ ಕೂಡಾ ಉಂದಿ." ಹೂವೂ ಇದೆ, ಬೀಗವೂ ಇದೆ. ಸಮಾಧಾನವಾಗಬೇಕಿತ್ತು, ಆಗಲಿಲ್ಲ. ನನ್ನದಲ್ಲದಿದ್ದರೆ ಇದು ಯಾರದು?

ಅನುಮಾನ ನನ್ನ ಹುಟ್ಟುಗುಣ ಎಂದು ಮನೆಯವರು ಆಡಿಕೊಳ್ಳುತ್ತಾರೆ. ಹಾಲಿನವನು ಹಾಲು ಅಳೆಯುವಾಗ ನಾನು ಅವನ ಹೆಬ್ಬೆರಳು ನೋಡುತ್ತೇನಂತೆ. ನೋಡುತ್ತೇನೆ, ಏನೀಗ? ಆರ್ಕಿಡ್ ಮನೆ ನೋಡಲು ಬಂದ ದೊಡ್ಡ ದೊಡ್ಡ ಮನುಷ್ಯರು ಬೇರು ಬಿಟ್ಟ ಮರಿಗಳನ್ನು ಪರ್ಸಿಗೆ ಇಳಿಸಿದ್ದನ್ನು ಕಂಡವಳು ನಾನು. ಈ ಕೆಲಸದಲ್ಲಿ ಎಲ್ಲರನ್ನೂ ನಂಬುವವರ ಗಿಡಗಳು ಬದುಕುವುದಿಲ್ಲ.

ಒಳಗೆ ಹೋಗಿ ತುರುಬಿನವರ ಪಕ್ಕ ಕೂತೆ. ಅರವತ್ತು ದಾಟಿದ ಹೆಂಗಸು, ಬೀದರ್ ಕಡೆಯವರು, ನಕ್ಕರೆ ಇಡೀ ಮೈ ನಗುತ್ತಿತ್ತು.

"ಅಕ್ಕಾರ, ಹೂವು ಎಲ್ಲಿಂದ್ರಿ?"

"ನಮ್ಮನಿಯಾಗಿಂದ್ರಿ. ನಮ್ಮನಿಯವ್ರು ಬೆಳಸ್ಯಾರ. ಈ ಸಲ ಒಂದ ಒಂದು ದಂಡಿ ಬಿಟ್ಟಿತ್ತು. ಅವ್ರು ಜಳಕಕ್ಕ ಹೋದಾಗ ಮೆಲ್ಲಕ ಕೊಯ್ಕೊಂಡು ಬಂದೆ. ಹೇಳಬ್ಯಾಡ್ರಿ ಮತ್ತ."

ಹೇಳುವ ಅವಶ್ಯಕತೆ ಇರಲಿಲ್ಲ. ಗಂಡಸರ ಸಾಲಿನಿಂದ ಅವರ ಯಜಮಾನರು ಆಗಲೇ ಕತ್ತು ಚಾಚಿ ನೋಡುತ್ತಿದ್ದರು. ಗೂಡ್ಸ್ ಗಾಡಿಯ ಗಾರ್ಡ್ ಆಗಿ ನಿವೃತ್ತರಾದವರು, ಕೆಂಪಗೆ ಸಿಡುಕು ಮುಖ. ಯಾರೂ ಏನೂ ಕೇಳುವ ಮೊದಲೇ ಅಲ್ಲಿಂದಲೇ ಕೂಗಿದರು. "ನರ್ಸರಿದದು! ಗುವಾಹಾಟಿ ನರ್ಸರಿಂದ ಕೊಂಡು ತಂದದ್ದು!"

ಕೇಳದಿದ್ದ ಪ್ರಶ್ನೆಗೆ ಉತ್ತರ ಬಂದರೆ ಯಾರಿಗೆ ತಾನೆ ಅನುಮಾನ ಬರುವುದಿಲ್ಲ?

ಅಕ್ಕಾರ ಮಾತ್ರ ನನ್ನ ಕಣ್ಣಿನಲ್ಲಿ ಆಸೆ ಕಂಡರು. "ನಿಮಗ ಭಾಳ ಸೇರೇತಿ ಕಾಣ್ತೈತಿ, ತಗೋರಿ" ಎಂದು ದಂಡೆಯ ತುದಿಯ ಅರ್ಧ ಮುರಿದು ನನ್ನ ಜಡೆಗೆ ಸಿಕ್ಕಿಸಿದರು. ನಾನು ಹೋಳಿಗೆ ಬಿಟ್ಟು ಎದ್ದೆ. ಕೆಳಗಿಳಿದ ತಕ್ಷಣ ಹೂವನ್ನು ಜಡೆಯಿಂದ ತೆಗೆದು, ಒದ್ದೆ ಕರವಸ್ತ್ರದಲ್ಲಿ ಸುತ್ತಿ ಟಿಫಿನ್ ಡಬ್ಬಿಗೆ ಹಾಕಿಕೊಂಡು ಪಟಾನ್‌ಚೆರು ಬಸ್ಸು ಹುಡುಕಿದೆ.

ಅಷ್ಟು ಅವಸರ ಏಕೆಂದರೆ, ಆ ಹೂವಿನೊಳಗಿನ ಪರಾಗ ನನಗೆ ಬೇಕಿತ್ತು.

ಮಲೆನಾಡಿನವರಿಗೆ ಸೀತಾಳೆ ದಂಡೆ ಹಿತ್ತಲಿನ ಹೂವು, ಅವರು ಇದನ್ನು ಓದಿ ನಗಬಹುದು. ತೆಲಂಗಾಣದ ಒಣ ಕಾಡಿನ ಸೀತಾಳೆಯ ಕತೆ ಬೇರೆ. ಅದರ ಎಲೆ ಗಿಡ್ಡ, ದಪ್ಪ, ಚರ್ಮದಂತೆ ಗಟ್ಟಿ. ಮೇ ತಿಂಗಳ ಬಿಸಿಲಿಗೆ ಬೇರು ಬೂದಿ ಬಣ್ಣಕ್ಕೆ ತಿರುಗಿ ಸತ್ತಂತೆ ಬಿದ್ದಿರುತ್ತದೆ, ಮೊದಲ ಮಳೆಗೆ ತುದಿ ಹಸಿರಾಗುತ್ತದೆ. ಬೇರೆ ಕಡೆಯಿಂದ ತಂದ ಗಿಡಗಳನ್ನು ನಾವು ಇಲ್ಲಿ ಸಾಕಿ ನೋಡಿದ್ದೇವೆ. ಗೋಣಿಚೀಲ ತೋಯಿಸಿ, ಕೂಲರ್ ಹಚ್ಚಿ ಎಷ್ಟು ಜೋಪಾನ ಮಾಡಿದರೂ ಮೇ ಮುಗಿಯುವ ಹೊತ್ತಿಗೆ ಎಲೆ ಸುಟ್ಟು ಉದುರಿಸಿಕೊಳ್ಳುತ್ತವೆ.

ನಮ್ಮಲ್ಲಿದ್ದ ಒಣ ಕಾಡಿನ ಗಿಡ ಒಂದೇ ಬುಡ. ಕಾಗಜ್‌ನಗರದ ಆಚೆ ರಸ್ತೆ ಅಗಲಿಸುವಾಗ ಉರುಳಿಸಿದ ಒಂದು ಹಿಪ್ಪೆ ಮರದಿಂದ ಅದನ್ನು ತೊಗಟೆಯ ಸಮೇತ ಬಿಡಿಸಿ ತಂದಿದ್ದೆವು. ಆಮೇಲೆ ಆ ಕಡೆ ಎಷ್ಟು ಸಲ ಅಲೆದರೂ ಇನ್ನೊಂದು ಕಾಣಲಿಲ್ಲ. ಒಂದೇ ಬುಡವಾದ್ದರಿಂದ ಅದರದೇ ಪರಾಗವನ್ನು ಅದರದೇ ಹೂವಿಗೆ ಹಚ್ಚಿ ನೋಡಿದೆವು. ಕಾಯಿ ಕಟ್ಟಿತು, ಹಳದಿಯಾಯಿತು, ಬಿತ್ತು. ಮರುವರ್ಷ ಒಂದು ಕಾಯಿ ಉಳಿಯಿತು, ಸೂಕ್ಷ್ಮದರ್ಶಕದ ಕೆಳಗೆ ನೋಡಿದರೆ ಬೀಜವೆಲ್ಲ ಬರೀ ಹೊಟ್ಟು, ಒಳಗೆ ಜೀವವಿಲ್ಲ. ಇದಕ್ಕೆ ಇನ್ನೊಂದು ಗಿಡದ ಪರಾಗವೇ ಬೇಕು ಎಂದು ಆಗ ಖಾತ್ರಿಯಾಯಿತು.

ಹಿಂದಿನ ಮಳೆಗಾಲ ಅದಕ್ಕೆ ಸುಳಿ ಕೊಳೆ ಬಿತ್ತು. ಎಲೆಗಳ ಸಂದಿಯಲ್ಲಿ ನೀರು ನಿಂತು ನಡುವಿನ ಸುಳಿ ಕಪ್ಪಗೆ ಮೆತ್ತಗಾಗುವ ರೋಗ. ಬ್ಲೇಡಿನಿಂದ ಗಟ್ಟಿ ಜಾಗ ಸಿಗುವವರೆಗೆ ಕತ್ತರಿಸಿ, ದಾಲ್ಚಿನ್ನಿ ಪುಡಿ ತುಂಬಿ, ಬುಡವನ್ನು ಓರೆಯಾಗಿ ತೂಗುಹಾಕಿದೆ. ಕೊಳವೆ ಬಾವಿಯ ಗಡಸು ನೀರು ಬಿಟ್ಟು ಹಿಡಿದಿಟ್ಟ ಮಳೆನೀರು ಮಾತ್ರ ಚಿಮುಕಿಸಿದೆ. ಅರ್ಧ ಬುಡ ಹೋಯಿತು. ಉಳಿದ ಅರ್ಧದಿಂದ ಈ ವರ್ಷ ಒಂದೇ ಹೂದಂಟು ಬಂತು. ಸಾಯುವ ಗಿಡ ಹೀಗೆ ಕೊನೆಗೊಮ್ಮೆ ಹೂ ಬಿಡುವುದುಂಟು. ಹಾಗಾಗಿ ಆ ದಂಟನ್ನು ನೋಡಿದಾಗ ನನಗೆ ಖುಷಿಗಿಂತ ಭಯವೇ ಹೆಚ್ಚಾಯಿತು.

ಡಬ್ಬಿಯ ಹೂವನ್ನು ಪ್ರಯೋಗಶಾಲೆಯ ಮೇಜಿನ ಮೇಲಿಟ್ಟೆ. ಈ ಜಾತಿಯ ಪರಾಗ ಪುಡಿಯಾಗಿರುವುದಿಲ್ಲ. ಹೂವಿನ ಮೂತಿಯಲ್ಲೊಂದು ಪುಟ್ಟ ಟೋಪಿ, ಟೋಪಿಯ ಕೆಳಗೆ ಎರಡು ಹಳದಿ ಉಂಡೆ, ಉಂಡೆಗಳಿಗೆ ಅಂಟಿನ ಬಾಲ. ಹಲ್ಲುಕಡ್ಡಿಯ ತುದಿಯಿಂದ ಟೋಪಿ ಸರಿಸಿದರೆ ಉಂಡೆಗಳು ಕಡ್ಡಿಗೇ ಅಂಟಿ ಬರುತ್ತವೆ. ಅಕ್ಕಾರ ತುರುಬಿನಲ್ಲಿ ಅಷ್ಟು ಹೊತ್ತು ಒತ್ತಿಸಿಕೊಂಡಿದ್ದರೂ ಹೆಚ್ಚಿನ ಉಂಡೆಗಳು ಚೆನ್ನಾಗಿದ್ದವು. ಬೆಣ್ಣೆ ಕಾಗದದಲ್ಲಿ ಮಡಚಿ, ತೇವ ಹೀರುವ ಹರಳಿನ ಜೊತೆ ಸೀಸೆಗೆ ಹಾಕಿ ಫ್ರಿಜ್ಜಿನಲ್ಲಿಟ್ಟೆ. ಮೇಲೆ ತೆಲುಗಿನಲ್ಲೂ ಹಿಂದಿಯಲ್ಲೂ "ಇಲಿ ಪಾಷಾಣ" ಎಂದು ಬರೆದೆ. ನಮ್ಮ ಪ್ರಯೋಗಶಾಲೆಯಲ್ಲಿ ಹಾಗೆ ಬರೆಯದ ವಸ್ತು ಜಾಗದಲ್ಲಿ ಉಳಿಯುವುದಿಲ್ಲ.

ನಮ್ಮ ನಿರ್ದೇಶಕರಿಗೆ ಸುದ್ದಿ ಹೇಳಿದಾಗ ಅವರು ಕುರ್ಚಿಯಿಂದಲೇ ಎದ್ದರು. "ಮತ್ತೇನು, ಹಚ್ಚಿಬಿಡಮ್ಮಾ!"

"ಗಿಡದ ಮೂಲ ಗೊತ್ತಿಲ್ಲ ಸಾರ್. ಗುವಾಹಾಟಿದು ಅಂತಾರೆ."

"ಅರೇ, ಫೂಲ್ ತೋ ಫೂಲ್ ಹೈ, ಹೂ ಅಂದ್ರೆ ಹೂವೇ. ಯಾರು ಕೇಳ್ತಾರೆ?"

"ನಾನು ಕೇಳ್ತೀನಿ."

ಅವರಿಗೆ ಸಿಟ್ಟು ಬಂತು, ನನಗೂ ಬಂತು. ಈ ಸಸಿಗಳು ಉದ್ಯಾನದ ಶೋಕಿಗಲ್ಲ, ಕಾಡಿಗೆ ವಾಪಸು ಹೋಗಬೇಕಾದವು. ಅರಣ್ಯ ಇಲಾಖೆ ಒಪ್ಪಿಗೆ ಕೊಟ್ಟದ್ದೇ ತಾಯಿ ತಂದೆ ಎರಡೂ ಗಿಡ ಆ ಕಾಡಿನವೇ ಆಗಿರಬೇಕು ಎಂಬ ಷರತ್ತಿನ ಮೇಲೆ. ಅಸ್ಸಾಮಿನ ರಕ್ತ ಬೆರೆಸಿದರೆ ಸಸಿ ಮೊದಲ ಬೇಸಿಗೆಗೇ ಸಾಯಬಹುದು. ಸಾಯದೆ ಬೆಳೆದು ಬೆರೆತರೆ ಇನ್ನೂ ಕೆಟ್ಟದ್ದು, ನಮ್ಮ ಕಾಡಿನ ಸೀತಾಳೆ ಹೋದದ್ದು ಯಾರಿಗೂ ಗೊತ್ತೇ ಆಗುವುದಿಲ್ಲ. ನಿರ್ದೇಶಕರು ಎಲ್ಲ ಕೇಳಿಸಿಕೊಂಡು, "ನಿನಗೆ ಎಲ್ಲದಕ್ಕೂ ಅನುಮಾನ" ಎಂದರು. ಅವರು ನನ್ನ ಬೆನ್ನ ಹಿಂದೆ ಬೇರೆ ಯಾವುದಾದರೂ ಪರಾಗ ಹಚ್ಚಿಸಿಯಾರು ಎಂದು ಹೂದಂಟಿಗೆ ಸೊಳ್ಳೆ ಪರದೆಯ ಚೀಲ ಕಟ್ಟಿ, ಬಾಯಿಗೆ ನನ್ನದೇ ಗಂಟು ಹಾಕಿದೆ.

ಮರುದಿನ ಮಲ್ಕಾಜ್‌ಗಿರಿಗೆ ಹೋದೆ. ಮೆಹದಿಪಟ್ಟಣಂನ ನಮ್ಮ ಮನೆಯಿಂದ ಅದು ಊರಿನ ಇನ್ನೊಂದು ಮೂಲೆ, ಬಸ್ಸಿನಲ್ಲಿ ಕೂತು ಯೋಚಿಸಲು ಬೇಕಾದಷ್ಟು ಸಮಯ ಸಿಕ್ಕಿತು. ಗುವಾಹಾಟಿಯ ಗಿಡವಾದರೆ ಈ ಊರಿನ ಮೇ ತಿಂಗಳು ಕಳೆದು ಅಷ್ಟು ಚೆನ್ನಾಗಿ ಹೂ ಬಿಡುವುದು ಹೇಗೆ? ಕೊಂಡದ್ದೇ ಆದರೆ ಅಷ್ಟು ದೂರದಿಂದ ಕೂಗಿ ಹೇಳುವ ತುರ್ತು ಏನಿತ್ತು?

ಗಾರ್ಡ್ ಸಾಹೇಬರ ಮನೆ ರೈಲ್ವೆಯವರೇ ಹೆಚ್ಚಿರುವ ಗಲ್ಲಿಯಲ್ಲಿ ಮೊದಲ ಮಹಡಿ. ಅಕ್ಕಾರ ಸಂಭ್ರಮದಿಂದ ಒಳಗೆ ಕರೆದರು. ಸಾಹೇಬರು ಬಾಗಿಲಲ್ಲೇ ನಿಂತು ನನ್ನ ಚೀಲ ನೋಡಿದರು. ಪಡಸಾಲೆಯಲ್ಲಿ ಕೂತಾಗ ಬಾಲ್ಕನಿಯ ಗ್ರಿಲ್ಲಿಗೆ ಒಂದು ಒದ್ದೆ ಟವೆಲ್ ಕಂಡಿತು. ಒಣಗಲು ಹಾಕಿದ್ದಲ್ಲ, ಏನನ್ನೋ ಮುಚ್ಚಲು ಹಾಕಿದ್ದು.

"ಗಿಡ ನೋಡಬಹುದೇನ್ರಿ?"

"ಏನೈತಿ ಅದ್ರಾಗ ನೋಡೂದು? ಕಾಲಿಂಪಾಂಗಿಂದ ಬಂದದ್ದು. ಬಜಾರದಾಗ ಎಲ್ಲಾಕಡೆ ಸಿಗ್ತೈತಿ."

"ನಿನ್ನೆ ಗುವಾಹಾಟಿ ಅಂದಿದ್ರಲ್ರಿ?"

ಅಡುಗೆಮನೆಯಿಂದ ಅಕ್ಕಾರ ಹಣಿಕಿದರು. "ಕಾಲಿಂಪಾಂಗ್ ಯಾವಾಗ ಹೋಗಿದ್ರಿ? ನನ್ನ ಬಿಟ್ಟು ಹೋಗಿದ್ರೇನು?"

"ಪಾರ್ಸಲ್‌ದಾಗ ಬಂತು. ನೀ ಸುಮ್ಕಿರು."

ಅಕ್ಕಾರ ಸುಮ್ಮನಿರಲಿಲ್ಲ, ಹೋಗಿ ಟವೆಲ್ ಎಳೆದೇಬಿಟ್ಟರು. ತೇಗದ ಹಲಗೆಯೊಂದಕ್ಕೆ ಅಪ್ಪಿಕೊಂಡ ದೊಡ್ಡ ಬುಡ. ಪಶ್ಚಿಮದ ಬಿಸಿಲು ನೇರ ಬೀಳುವ ಜಾಗ, ಎಲೆಯ ಮೇಲೆ ಒಂದು ಸುಟ್ಟ ಕಲೆಯಿಲ್ಲ. ಗಿಡ್ಡ ಎಲೆ, ದಪ್ಪ ಎಲೆ. ಇದು ನಮ್ಮ ಕಾಡಿನದು ಎಂದು ಕಣ್ಣು ಹೇಳುತ್ತಿತ್ತು. ಆದರೆ ಕಣ್ಣಿನ ಮಾತು ಕಾಗದದ ಮೇಲೆ ನಿಲ್ಲುವುದಿಲ್ಲ.

ಹಿಂದೆ ತಿಗಣೆಯಂಥ ಹುಳ ಕೂತಿರುತ್ತದೆ, ನೋಡಿಕೊಡುತ್ತೇನೆ ಎಂದು ಹಲಗೆ ತಿರುಗಿಸಿದೆ. ಹುಳ ಇರಲಿಲ್ಲ. ಹೊಸ ಬೇರುಗಳ ಕೆಳಗೆ ಹಳೆ ಬೇರು, ಹಳೆ ಬೇರಿನ ಕೆಳಗೆ ಒಂದು ಬಟ್ಟೆಯ ಪಟ್ಟಿ. ಗಿಡವನ್ನು ಮೊದಲ ಸಲ ಕಟ್ಟಿದ ಕಟ್ಟು ಅದು. ಮರದ ಮೇಲೆ ಬೆಳೆಯುವ ಸೀತಾಳೆ ಯಾವುದಕ್ಕೆ ಕಟ್ಟಿದರೂ ಬೇರಿನಿಂದ ಅದನ್ನು ಹಿಡಿದುಕೊಳ್ಳುತ್ತದೆ, ಆಮೇಲೆ ಆ ಕಟ್ಟನ್ನು ಬಿಚ್ಚಲು ಬರುವುದಿಲ್ಲ. ಬಟ್ಟೆ ಒರಟು, ಬಣ್ಣ ಮಾಸಿದ ಹಸಿರು. ಒಂದು ಅಂಚಿನಲ್ಲಿ ಕೋಲು ತೂರಿಸುವಷ್ಟು ಅಗಲ ಬಿಟ್ಟು ಹೊಲಿದ ಹೊಲಿಗೆ. ಇಂಥ ಬಟ್ಟೆಯನ್ನು ಎಲ್ಲಿ ನೋಡಿದ್ದೇನೆ ಎಂದು ನೆನಪಿಸಿಕೊಳ್ಳಲು ಕಷ್ಟವಾಗಲಿಲ್ಲ, ಆ ದಿನ ಸ್ಟೇಷನ್ ಪಕ್ಕದಿಂದಲೇ ನಡೆದು ಬಂದಿದ್ದೆ. ಗಾರ್ಡುಗಳು ಬೀಸುವ ಹಸಿರು ಬಾವುಟ.

ಯಾವ ನರ್ಸರಿಯವರು ರೈಲ್ವೆ ಬಾವುಟದಲ್ಲಿ ಗಿಡ ಕಟ್ಟಿ ಕಳಿಸುತ್ತಾರೆ?

ಅಷ್ಟರಲ್ಲಿ ಗ್ಯಾಸ್ ಸಿಲಿಂಡರಿನವನು ಬಂದು ಸಾಹೇಬರು ಬಾಗಿಲಿಗೆ ಹೋದರು. ನಾನು ಫೋನು ತೆಗೆದು ಬಟ್ಟೆಯ ಒಂದು ಫೋಟೋ ಹೊಡೆದೆ. ಅವರು ತಿರುಗಿ ಬಂದಾಗ ಹಲಗೆ ಇನ್ನೂ ನನ್ನ ಕೈಯಲ್ಲಿ ಮಗುಚಿಕೊಂಡಿತ್ತು. ಅವರ ಮುಖದ ಬಣ್ಣ ಇಳಿಯಿತು.

"ಹಳೇ ಅಂಗಿ ಚೂರು ಅದು" ಎಂದರು.

"ಹೌದೇನ್ರಿ."

"ನೀವು ಫಾರೆಸ್ಟಿನವ್ರೇನು?"

"ಅಲ್ರಿ. ನಾನು ಗಿಡ ಬೆಳಸಾಕಿ."

"ಮತ್ತ ಪೊಲೀಸ್ರ ಗತೆ ಕೇಳಾಕತ್ತೀರಲ್ಲ?" ಹಲಗೆ ಕಸಿದುಕೊಂಡು ಮತ್ತೆ ಟವೆಲ್ ಮುಚ್ಚಿದರು. "ನಿಮ್ಮ ಬಸ್ಸಿಗೆ ಹೊತ್ತಾತು."

ಅಕ್ಕಾರ ಚಹಾ ತಂದು ನಿಂತಿದ್ದರು. ನಾನು ನಿಂತೇ ಎರಡು ಗುಟುಕು ಕುಡಿದು ಇಳಿದೆ.

ದಾರಿಯುದ್ದಕ್ಕೂ ಒಂದು ವಿಚಿತ್ರ ನನ್ನನ್ನು ಕಾಡಿತು. ಸಾಮಾನ್ಯವಾಗಿ ನಾನು ಹೆದರುವುದು ಕಾಡಿನಿಂದ ಕದ್ದ ಗಿಡವನ್ನು ಯಾರಾದರೂ ಕೊಂಡದ್ದು ಎಂದು ನಂಬಿಸಿಯಾರು ಎಂದು. ಇಲ್ಲಿ ಅದೇ ಆಗಿರಲಿ ಎಂದು ದೇವರಿಗೆ ಹರಕೆ ಹೊರುವಷ್ಟು ಆಸೆ ನನಗೆ. ಆ ಮನುಷ್ಯ ಪ್ರಾಮಾಣಿಕನಾದರೆ ನನ್ನ ಗಿಡ ಸತ್ತಂತೆ, ಕಳ್ಳನಾದರೆ ಬದುಕಿದಂತೆ. ಇಂಥ ಪರಿಸ್ಥಿತಿ ಯಾವ ಶತ್ರುವಿಗೂ ಬೇಡ.

ನಮ್ಮ ಹೂದಂಟು ಅಷ್ಟರಲ್ಲಿ ಪೂರ್ತಿ ಅರಳಿತ್ತು. ಪಟಾನ್‌ಚೆರು ಕಡೆಯ ಗಾಳಿ ಬೀಸಿದಾಗ ಕಾರ್ಖಾನೆಗಳ ಕಮಟು ವಾಸನೆ ಆರ್ಕಿಡ್ ಮನೆಯೊಳಗೆ ನುಗ್ಗುತ್ತದೆ, ಹೂವಿಗೆ ಅದೂ ಆಗಿಬರುವುದಿಲ್ಲ. ಬುಡದ ಕಡೆ ಮೊದಲು ಅರಳಿದ ಹೂಗಳು ಕಂದತೊಡಗಿದವು. ಮಾಲಿ ಅಮ್ಮ ದಿನಾ ಬೆಳಿಗ್ಗೆ ಅದೇ ಹಾಡು: "ವಾಡಿಪೋತೋಂದಮ್ಮಾ, ವಾಡಿಪೋತೋಂದಿ." ಬಾಡುತ್ತಿರುವುದು ನನಗೆ ಕಾಣುವುದಿಲ್ಲವೇ? ಅವಳ ಮೇಲೆ ರೇಗಿದೆ, ಆಮೇಲೆ ನಾನೇ ಹೋಗಿ ಅವಳ ಪಕ್ಕ ಕೂತೆ.

ಬಾವುಟದ ಫೋಟೋ ನೋಡಿದ ನಿರ್ದೇಶಕರು ಕುಣಿದಾಡಿದರು. "ಸಾಕಲ್ಲಮ್ಮಾ! ಗಾರ್ಡ್ ಕದ್ದು ತಂದಿದ್ದಾನೆ ಅಂತ ಫೋಟೋ ಹಚ್ಚಿ ಬರೆದು ಕಳಿಸು. ನಮ್ಮ ಕೆಲಸ ಆಯ್ತು."

ಸಾಕಾಗಿರಲಿಲ್ಲ. ಕಟ್ಟಿದವನು ಗಾರ್ಡ್ ಎಂದಷ್ಟೇ ಬಾವುಟ ಹೇಳುತ್ತದೆ. ಯಾವ ಕಾಡು, ಯಾವ ಮರ ಎಂದು ಹೇಳುವುದಿಲ್ಲ. ಅದಕ್ಕೂ ಮಿಗಿಲಾಗಿ ಇನ್ನೊಂದು ಮಾತಿತ್ತು. ಅವರ ಮನೆಯ ಚಹಾ ಕುಡಿದು, ಹುಳದ ನೆಪ ಹೇಳಿ, ಬೆನ್ನು ತಿರುಗಿಸಿದಾಗ ಹೊಡೆದ ಫೋಟೋ ಅದು. ಅನುಮಾನ ಪಡುವುದು ನನ್ನ ಹಕ್ಕು, ಅದನ್ನು ನಾನು ಯಾರಿಗೂ ಬಿಟ್ಟುಕೊಡುವುದಿಲ್ಲ. ಆದರೆ ಒಬ್ಬರನ್ನು ಅವರಿಗೇ ಗೊತ್ತಿಲ್ಲದಂತೆ ಕಳ್ಳರ ಪಟ್ಟಿಗೆ ಸೇರಿಸಿ, ನಾನು ಗಿಡ ಉಳಿಸಿದೆ ಎಂದು ಬೀಗುವುದು ನನ್ನಿಂದಾಗುವ ಕೆಲಸವಲ್ಲ. ಇರುವುದೆಲ್ಲವನ್ನೂ ಅವರ ಮುಂದೆ ಬಿಚ್ಚಿಡುವುದೆಂದು ತೀರ್ಮಾನಿಸಿದೆ. ಇಷ್ಟು ವರ್ಷದ ನೌಕರಿಯಲ್ಲಿ ನಾನು ಯಾರ ಮುಂದೆಯೂ ಹಾಗೆ ಮಾಡಿದವಳಲ್ಲ.

ಫೋನು ಮಾಡಿದರೆ ಸಾಹೇಬರು ಎತ್ತಲಿಲ್ಲ. ಮತ್ತೆ ಮಾಡಿದಾಗ ಅಕ್ಕಾರ ಎತ್ತಿದರು. ಅವರಿಗೇ ಎಲ್ಲ ಹೇಳಿದೆ. ನಮ್ಮ ಗಿಡ ಸಾಯುತ್ತಿದೆ, ನೀವು ಕೊಟ್ಟ ಹೂವಿನ ಪರಾಗ ನನ್ನ ಫ್ರಿಜ್ಜಿನಲ್ಲಿದೆ, ಫೋಟೋ ಹೊಡೆದದ್ದೂ ನಿಜ. ಗಿಡ ಎಲ್ಲಿಂದ ಬಂತೆಂದು ಸಾಹೇಬರು ಹೇಳಿದರೆ ನಾನು ಅದನ್ನು ಅರಣ್ಯ ಇಲಾಖೆಗೆ ಬರೆಯಲೇಬೇಕು, ಆಮೇಲೆ ಏನಾಗುತ್ತದೋ ನನಗೆ ಗೊತ್ತಿಲ್ಲ, ಭರವಸೆ ಕೊಡಲಾರೆ. ಹೇಳದಿದ್ದರೆ ಪರಾಗ ಬಳಸುವುದಿಲ್ಲ, ಫೋಟೋವನ್ನೂ ಬಳಸುವುದಿಲ್ಲ.

ಅಕ್ಕಾರ ಎಲ್ಲ ಕೇಳಿಸಿಕೊಂಡರು. ಕೊನೆಗೆ, "ಹೂವು ಇನ್ನೂ ಎಷ್ಟು ದಿನ ಇರ್ತಾವ್ರಿ?" ಎಂದು ಕೇಳಿದರು.

"ತುದಿ ಹೂವು ಮಾತ್ರ ಉಳದಾವ್ರಿ ಅಕ್ಕಾರ. ನಾಳೆ ನಾಡದು ಅಷ್ಟ."

ಮರುದಿನ ಮಧ್ಯಾಹ್ನ ಇಬ್ಬರೂ ಬಂದರು. ಸಾಹೇಬರು ಇಸ್ತ್ರಿ ಅಂಗಿ ತೊಟ್ಟು, ಸಾಕ್ಷಿ ಹೇಳಲು ಕೋರ್ಟಿಗೆ ಬಂದವರಂತೆ ಬಿಗಿದುಕೊಂಡಿದ್ದರು. ಮೂಲೆಯಲ್ಲಿ ಇನ್ಯಾರಾದರೂ ಕೂತಿದ್ದಾರೆಯೇ ಎಂದು ಆರ್ಕಿಡ್ ಮನೆಯನ್ನೆಲ್ಲ ಸುತ್ತಿ ನೋಡಿದರು. ಆಮೇಲೆ ನಮ್ಮ ಬುಡದ ಮುಂದೆ ನಿಂತರು. ಅರ್ಧ ಕತ್ತರಿಸಿದ ಬುಡ, ದಾಲ್ಚಿನ್ನಿಯ ಕಲೆ, ಬಾಡಿದ ದಂಟು.

"ಇದು ಎಲ್ಲಿದ್ರಿ?"

"ಕಾಗಜ್‌ನಗರದ ಆಚೆ. ರಸ್ತೆಗೆ ಕಡಿದ ಹಿಪ್ಪೆ ಮರದ್ದು."

"ಇಪ್ಪ ಗಿಡ" ಎಂದು ಅವರು ತಮ್ಮಷ್ಟಕ್ಕೇ ತೆಲುಗಿನ ಹೆಸರು ಹೇಳಿಕೊಂಡರು. ಬೇರನ್ನು ಬೆರಳಿನಿಂದ ಮುಟ್ಟಿ ನೋಡಿ, ಅಲ್ಲಿದ್ದ ಸ್ಟೂಲಿನ ಮೇಲೆ ಕೂತರು. "ನಂದೂ ಅಲ್ಲಿದ ರೀ."

ನಾನು ಇನ್ನೊಂದು ಸ್ಟೂಲು ಎಳೆದುಕೊಂಡು ಕೂತೆ.

"ಕಲ್ಲಿದ್ದಲ ಖಾಲಿ ಗಾಡಿ ತಗೊಂಡು ಬಲ್ಲಾರ್ಶಾ ಕಡೆ ಹೊಂಟಿದ್ದೆ. ಕಾಗಜ್‌ನಗರ ದಾಟಿದ ಮ್ಯಾಲ ಪಕ್ಕದ ಲೂಪ್ ಹಳಿಗೆ ಹಾಕಿ ನಿಂದ್ರಿಸಿದ್ರು, ಎಕ್ಸ್‌ಪ್ರೆಸ್ ಹೋಗಬೇಕಿತ್ತು. ಗೂಡ್ಸ್ ಗಾರ್ಡ್ ಅಂದ್ರ ಗೊತ್ತಲ್ರಿ, ಇಂಜಿನ್ ಎಲ್ಲ್ಯೋ, ಹಿಂದ ಕಡೀ ಡಬ್ಬಿಯಾಗ ನಾ ಎಲ್ಲ್ಯೋ. ಸುತ್ತಮುತ್ತ ಬರೇ ಕಾಡು, ಮಾತಾಡಾಕ ಒಂದು ಜೀವ ಇಲ್ಲ. ಲೈನ್ ಪಕ್ಕ ಹಳಿ ರಿಪೇರಿ ಗ್ಯಾಂಗಿನವ್ರು ಇಪ್ಪ ಗಿಡ ಕಡದು ಕೆಡವಿದ್ರು. ಟೊಂಗಿ ಒಣಗಿತ್ತು, ಅದ್ರ ಮ್ಯಾಲ ಇದು ಮಾತ್ರ ಹಸರಿತ್ತು, ಹೂವೂ ಇತ್ತು. ಬಿಸಲಾಗ ಬಿಟ್ಟು ಬರಾಕ ಮನಸಾಗಲಿಲ್ಲ. ನನ್ನ ಬ್ರೇಕ್ ವ್ಯಾನಿನ ಕಂಬಿಗೆ ಕಟ್ಟಬೇಕಂದ್ರ ಹಗ್ಗ ಇಲ್ಲ. ಅಷ್ಟರಾಗ ಸಿಗ್ನಲ್ ಬಿತ್ತು. ಬಾವುಟ ಹರದು ಕಟ್ಟಿದೆ, ಆಮ್ಯಾಲ ಮನ್ಯಾಗ ಹಲಗಿಗೂ ಅದ್ರಲೇ ಬಿಗದೆ."

"ಇದ್ರಾಗ ಹೆದರೂದು ಏನೈತ್ರಿ ಸಾಹೇಬ್ರ? ಸಾಯೂ ಗಿಡ ಎತ್ತಿಕೊಂಡು ಬಂದೀರಿ. ಅರಣ್ಯ ಇಲಾಖೆಯವ್ರು..."

"ಅರಣ್ಯ ಇಲಾಖಿ ಹಾಳಾಗಿ ಹೋಗ್ಲಿ!" ಎಂದು ಗುಡುಗಿದರು. "ಗಿಡದ ಮಾತಲ್ಲ ಇದು, ಬಾವುಟದ ಮಾತು. ಸರ್ಕಾರಿ ಬಾವುಟ ರೀ. ಗಾಳಿಗೆ ಹಾರಿ ಹೋತು ಅಂತ ಸುಳ್ಳು ಬರ್ದು ಕೊಟ್ಟು ಹೊಸಾದು ತಗೊಂಡೀನಿ. ಸರ್ವಿಸ್‌ನ್ಯಾಗ ಒಂದು ಕಪ್ಪು ಚುಕ್ಕಿ ಇಲ್ಲ ನಂದು. ಪಿಂಚಣಿ ತಿನ್ನಾಕತ್ತೀನಿ. ಹಿಂಬದಿ ನೋಡಿದವ್ರಿಗೆ ಗೊತ್ತಾಗ್ತೈತಿ ಅಂತ ಟವೆಲ್ ಹಾಕ್ತಿದ್ದೆ. ಇಕಿ ಹೋಗಿ ಮಂದಿ ನಡುವ ಮುಡಕೊಂಡು ನಿಂತಳು!"

ನಾನು ಏನೇನೋ ಊಹಿಸಿದ್ದೆ. ಗಿಡಗಳ್ಳರ ಜಾಲ, ಮಾರಾಟ, ಕಾಡಿನ ದಲ್ಲಾಳಿ. ಆ ಮನುಷ್ಯ ಇಷ್ಟು ವರ್ಷ ಒಂದು ಮೊಳ ಹಸಿರು ಬಟ್ಟೆಗೆ ಹೆದರಿ ಗುವಾಹಾಟಿ, ಕಾಲಿಂಪಾಂಗ್ ಎಂದು ಅಲೆಯುತ್ತಿದ್ದರು. ನಗು ಬಂತು, ನಗಲು ಧೈರ್ಯವಾಗಲಿಲ್ಲ. ಅಕ್ಕಾರ ಮಾತ್ರ ಕೇಳಿದರು. "ಕೆಂಪು ಬಾವುಟಾನೂ ಇತ್ತಲ್ಲ, ಅದನ್ಯಾಕ ಹರೀಲಿಲ್ಲ?"

"ಹುಚ್ಚಿ! ಕೆಂಪು ಹರದು, ಮುಂದ ಗಾಡಿ ನಿಂದ್ರಿಸೂ ಹೊತ್ತು ಬಂದ್ರ ಏನು ನಿನ್ನ ಸೆರಗು ಬೀಸಲಿ?"

ಈಗ ಮೂವರೂ ನಕ್ಕೆವು. ಆದರೂ ಕೆಲಸ ಮುಗಿದಿರಲಿಲ್ಲ. ಎಲ್ಲವನ್ನೂ ಬರೆದುಕೊಳ್ಳಿ, ಬಾವುಟ ಒಂದು ಬಿಡಿ ಎಂದು ಸಾಹೇಬರು ಪಟ್ಟು ಹಿಡಿದರು. ನಾನು ಆಗುವುದಿಲ್ಲ ಎಂದೆ. ಬೇರಿನ ಕೆಳಗಿನ ಆ ಬಟ್ಟೆಯೊಂದೇ ಅವರ ಮಾತಿಗೆ ಗಿಡದ ಮೇಲಿರುವ ಗುರುತು, ಅದನ್ನು ಬಿಟ್ಟರೆ ಉಳಿಯುವುದು ಬರೀ ಬಾಯಿಮಾತು. ಅವರು ಎದ್ದು ಬಾಗಿಲವರೆಗೆ ಹೋದರು. ನನಗೆ ಮುಗಿಯಿತು ಎನ್ನಿಸಿತು. ದಂಟಿನ ತುದಿಯಲ್ಲಿ ಚೆನ್ನಾಗಿರುವ ನಾಲ್ಕಾರು ಹೂ ಅಷ್ಟೇ ಉಳಿದಿದ್ದವು.

ಬಾಗಿಲಲ್ಲಿ ನಿಂತು ಅವರು ನಮ್ಮ ಬುಡವನ್ನೇ ನೋಡಿದರು. ಬಹುಶಃ ಲೂಪ್ ಲೈನಿನ ಆ ಟೊಂಗೆ ನೆನಪಾಗಿರಬೇಕು. ತಿರುಗಿ ಬಂದು ಸ್ಟೂಲಿನ ಮೇಲೆ ನೆಟ್ಟಗೆ ಕೂತರು.

"ಬರ್ಕೋರಿ. ಹಸಿರು ಬಾವುಟ ನಾನ ಹರದೆ."

ಅವರು ಹೇಳಿದಂತೆಯೇ ಬರೆದೆ, ಸಹಿ ಹಾಕಿದರು. ಆಮೇಲೆ ನಾನು ಚೀಲದ ಗಂಟು ಬಿಚ್ಚಿ, ಫ್ರಿಜ್ಜಿನ "ಇಲಿ ಪಾಷಾಣ" ತಂದು, ಹೂವಿನ ಮೂತಿಯ ಒಳಗಿನ ಅಂಟು ಗುಳಿಗೆ ಹಲ್ಲುಕಡ್ಡಿಯಿಂದ ಉಂಡೆಗಳನ್ನು ಕೂರಿಸಿದೆ. ಮೊದಲನೆಯದು ಕಡ್ಡಿಯಿಂದ ಜಾರಿ ನೆಲಕ್ಕೆ ಬಿತ್ತು. ಅಯ್ಯೋ ಎಂದು ಅಕ್ಕಾರ ನನಗಿಂತ ಮೊದಲು ಕೂಗಿದರು. ಉಳಿದವು ಸರಿಯಾಗಿ ಕೂತವು.

ಮೂರೇ ಕಾಯಿ ಕಟ್ಟಿದವು, ಎರಡು ಉದುರಿದವು. ದೀಪಾವಳಿಯ ಹೊತ್ತಿಗೆ ಉಳಿದ ಒಂದು ಹಸಿರು ಕಾಯಿ ಕೊಯ್ದು, ಸ್ಪಿರಿಟ್ಟಿನಲ್ಲಿ ಅದ್ದಿ ಉರಿ ತಾಗಿಸಿ ಶುದ್ಧ ಮಾಡಿ, ಸೀಳಿ, ಧೂಳಿನಂಥ ಬೀಜವನ್ನು ಸೀಸೆಗಳ ಪೋಷಕ ಲೋಳೆಯ ಮೇಲೆ ಉದುರಿಸಿದೆ. ಕೆಲವು ಸೀಸೆಗೆ ಬೂಷ್ಟು ಬಂದು ಎಸೆದೆ. ಉಳಿದವುಗಳಲ್ಲಿ ಚಳಿಗಾಲ ಮುಗಿಯುವಾಗ ಹಸಿರು ಚುಕ್ಕಿ ಮೂಡಿತು. ನಾನು ಬಾಗಿಲು ಹಾಕಿಕೊಂಡು ಅತ್ತೆ, ಸುಳ್ಳೇಕೆ ಹೇಳಲಿ. ತಾಯಿ ಬುಡ ಅದನ್ನು ನೋಡಲು ಉಳಿದಿರಲಿಲ್ಲ, ಸಂಕ್ರಾಂತಿಗೆ ಮೊದಲೇ ಪೂರ್ತಿ ಕಪ್ಪಾಗಿ ಹೋಗಿತ್ತು.

ಅರಣ್ಯ ಇಲಾಖೆಯಿಂದ ಒಬ್ಬರು ಬಂದು ಹೇಳಿಕೆ ಓದಿದರು, ಸೀಸೆ ನೋಡಿದರು. ಬಾವುಟದ ಬಗ್ಗೆ ಒಂದು ಮಾತೂ ಕೇಳಲಿಲ್ಲ. ಆದರೆ ಕಾಡಿನ ಗಿಡ ಮನೆಯಲ್ಲಿ ಇರುವಂತಿಲ್ಲ, ಉದ್ಯಾನಕ್ಕೆ ಬರಬೇಕು ಎಂದರು. ಸಾಹೇಬರು ತೇಗದ ಹಲಗೆಯನ್ನು ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದು ಒಪ್ಪಿಸಿದರು. ಅಕ್ಕಾರ ಆ ದಿನ ನನ್ನ ಜೊತೆ ಮಾತಾಡಲಿಲ್ಲ. ಆಮೇಲೆ ಆಗಾಗ ಹೇಳದೆ ಕೇಳದೆ ಬಂದು, ಎಲೆ ಮುಟ್ಟಿ, "ಸೊರಗೇತಿ ನಿಮ್ಮ ಕಡಿ ಬಂದು. ನೀರು ಹಾಕ್ತೀರೋ ಇಲ್ಲೋ?" ಎಂದು ನನ್ನನ್ನು ವಿಚಾರಿಸಿಕೊಂಡು ಹೋಗುತ್ತಿದ್ದರು. ಮಾಲಿ ಅಮ್ಮನನ್ನು ಪಕ್ಕಕ್ಕೆ ಕರೆದು ನಾನು ದಿನಾ ಬರುತ್ತೇನೆಯೇ ಎಂದು ಅರ್ಧ ತೆಲುಗಿನಲ್ಲಿ ಕೇಳಿದ್ದೂ ಉಂಟು.

ಮತ್ತೆ ಜೂನ್ ಬಂತು. ಸೀಸೆಯ ಸಸಿಗಳಿಗೆ ಅಕ್ಕಿಕಾಳಿನಷ್ಟು ಎಲೆ. ಸಾಹೇಬರ ಗಿಡ ಎರಡು ದಂಡೆ ಬಿಟ್ಟಿತು. ಜಾಗ ಬದಲಾದ ಗಿಡಕ್ಕೆ ಮೊದಲ ವರ್ಷ ಅಷ್ಟು ಹೂವಿನ ಭಾರ ಒಳ್ಳೆಯದಲ್ಲ. ಪರಾಗ ತೆಗೆದಿಟ್ಟುಕೊಂಡು ಒಂದನ್ನು ಕತ್ತರಿಸಬೇಕು, ಅದು ನಮ್ಮ ಕೆಲಸದ ಪದ್ಧತಿ. ಮಾಮೂಲಾಗಿ ಅಂಥ ಹೂವನ್ನು ನಾನು ಸುಟ್ಟುಬಿಡುತ್ತೇನೆ, ಯಾರ ಕೈಗೂ ಸಿಗದಂತೆ.

ಆ ದಿನ ಅಕ್ಕಾರ ಬಂದಿದ್ದರು. ತುರುಬು ಬರಿದಾಗಿತ್ತು. ಹಲಗೆಯ ಮುಂದೆ ಕೈಕಟ್ಟಿ ನಿಂತು ದಂಡೆಗಳನ್ನು ನೋಡುತ್ತಿದ್ದರು. ನಾನು ಕತ್ತರಿ ತಂದು, ಪರಾಗ ತೆಗೆದಾಗಿದ್ದ ಒಂದನ್ನು ಕೊಯ್ದು, ಹಿಂದಿನಿಂದ ಅವರ ತುರುಬಿಗೆ ಸುತ್ತಿದೆ.

ಅವರು ಗಕ್ಕನೆ ತಿರುಗಿ, ಕಣ್ಣು ಕಿರಿದು ಮಾಡಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಈಗೇನು ಬೇಕಾಗೇತ್ರಿ ನಿಮಗ?"

"ಏನೂ ಬ್ಯಾಡ್ರಿ ಅಕ್ಕಾರ" ಎಂದೆ.

ಅವರು ನಂಬಲಿಲ್ಲ.